ಜೇಬಿದ್ದ ಕೌದಿ

ಅಮೆರಿಕದ ಡರ್ಹಮ್ ಊರಿಗೆ ಈಗ ವಾಸನೆಯೇ ಇಲ್ಲ. ನಾವು ಅಲ್ಲಿದ್ದ ಕಾಲಕ್ಕೆ ಕಾರಿನ ಕಿಟಕಿ ಇಳಿಸಿದರೆ ಸಾಕು, ಹೊಗೆಸೊಪ್ಪಿನ ಗೋದಾಮುಗಳ ಸಿಹಿ ಘಮ ಒಳಗೆ ನುಗ್ಗುತ್ತಿತ್ತು, ಬೆಲ್ಲದ ಪಾಕಕ್ಕೆ ಒಣದ್ರಾಕ್ಷಿ ಬಿದ್ದ ಹಾಗೆ. ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟದ ನನಗೂ ಅದು ಇಷ್ಟವಾಗಿತ್ತು. ಈಚೆಗೆ ಮೊಮ್ಮಗಳು ನೇಹಾಗೆ ಅಲ್ಲಿನ ವಿಶ್ವವಿದ್ಯಾಲಯ ತೋರಿಸಲೆಂದು ಮಗಳು ಸುಧಾ ನಾವೀಗ ಇರುವ ಸುವಾನಿಯಿಂದ ಕಾರು ಹೊರಡಿಸಿದಳು. ನಾನೂ ಹತ್ತಿ ಕೂತೆ. ಗೋದಾಮುಗಳೆಲ್ಲ ಈಗ ಅಪಾರ್ಟ್‌ಮೆಂಟು, ಹೋಟೆಲು. ಅಂಥದೇ ಒಂದು ಹೋಟೆಲಿನಲ್ಲಿ ನಾವು ಊಟಕ್ಕೆ ಕೂತಿದ್ದಾಗ ಹೊರಗೆ ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಹಳೇ ಮರದ ತೊಲೆಗಳಿಂದ ಅದೇ ವಾಸನೆ ತೆಳ್ಳಗೆ ಇಳಿದು ಬಂತು. ನಾನು ಚಮಚ ಕೆಳಗಿಟ್ಟೆ.

“ಅಜ್ಜೀ, ಯಾಕೆ ಹಾಗೆ ಸ್ಮೆಲ್ ಮಾಡ್ತಾ ಇದೀಯಾ?” ಎಂದಳು ನೇಹಾ.

“ಹೊಗೆಸೊಪ್ಪು ಕಣೇ. ನಿಮ್ಮಜ್ಜನೂ ನಾನೂ ಇಲ್ಲೇ ಇದ್ದಿದ್ದು, ಮದುವೆಯಾದ ಹೊಸದರಲ್ಲಿ.”

“ಓ ಮೈ ಗಾಡ್! ಅಜ್ಜಿ, ಆ ಸ್ಟೋರಿ ಹೇಳು. ನನ್ನ ಕಾಲೇಜ್ ಎಸ್ಸೇಗೆ ಬೇಕು. ಇಟ್ಸ್ ಸಚ್ ಗುಡ್ ಮಟೀರಿಯಲ್.”

“ಮಟೀರಿಯಲ್ ಬೇಕಾದ್ರೆ ಬಟ್ಟೆ ಅಂಗಡಿಗೆ ಹೋಗು. ಈಗ ಸುಮ್ಮನೆ ಊಟ ಮಾಡು” ಎಂದುಬಿಟ್ಟೆ. ಮಗು ಪಾಪ ಪೆಚ್ಚಾಯಿತು. ಸುಧಾ ನನ್ನ ಮುಖ ನೋಡಿದಳು. ತಪ್ಪು ನೇಹಾಳದಲ್ಲ, ಅವಳು ಕೇಳಿ ತೆಗೆದುಕೊಳ್ಳಲು ಬಂದವಳು. ಆದರೆ ಅದೇ ಊರಿನಲ್ಲಿ, ನನ್ನದೇ ಅಡುಗೆಮನೆಯಲ್ಲಿ ಕೂತು ಉಂಡವರೊಬ್ಬರು ಕೇಳದೆಯೇ ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ನಾನು ಯಾರಿಗೆ ಬೇಕಾದರೂ ಅನ್ನ ಹಾಕುತ್ತೇನೆ, ಕಥೆ ಮಾತ್ರ ಹೇಳುವುದಿಲ್ಲ. ಮತ್ತೆ ಈಗೇಕೆ ಬರೆಯುತ್ತಿದ್ದೀರಿ ಎಂದರೆ, ನನ್ನ ಮೇಲೊಂದು ಸುಳ್ಳು ಕನ್ನಡದಲ್ಲಿ ಅಚ್ಚಾಗಿ ಎಷ್ಟೋ ಮನೆಗಳ ಕಪಾಟಿನಲ್ಲಿ ಕೂತಿದೆ. ಅದಕ್ಕೆ ಉತ್ತರವೂ ಕನ್ನಡದಲ್ಲೇ ಇರಲಿ.

ಎಪ್ಪತ್ತರ ದಶಕದ ಮೊದಲ ಭಾಗ. ನಮ್ಮವರು, ಡಾಕ್ಟರ್ ಮೂರ್ತಿ, ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ರೆಸಿಡೆಂಟ್. ಡ್ಯೂಟಿಗೆ ಹೋದರೆ ಮನೆಗೆ ಯಾವಾಗ ಬರುತ್ತಾರೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಮೈಸೂರಿನಿಂದ ಬಂದ ನಾನು ಆಸ್ಪತ್ರೆ ಹತ್ತಿರದ ಎರಡಂತಸ್ತಿನ ಇಟ್ಟಿಗೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಹೀಟರಿನ ಸದ್ದು ಕೇಳುತ್ತಿದ್ದೆ. ಆ ವರ್ಷ ಎಲೆ ಉದುರುವ ಕಾಲಕ್ಕೆ ಪಕ್ಕದ ಮನೆಗೆ ಒಬ್ಬರು ಬಂದರು. ಇನ್ನೂ ಅಕ್ಟೋಬರ್, ಆಗಲೇ ತಲೆಗೆ ಉಣ್ಣೆಯ ಕುಲಾವಿ, ಕತ್ತಿಗೆ ಮಫ್ಲರು, ಹೆಗಲಿಗೆ ಜೋಳಿಗೆ. ಬಾಗಿಲು ತಟ್ಟಿ ಇಂಗ್ಲಿಷಿನಲ್ಲಿ “ನಿಮ್ಮ ಮನೆಯಿಂದ ಒಗ್ಗರಣೆ ವಾಸನೆ ಬರುತ್ತಿದೆ, ನಾನು ಇಂಡಿಯಾದವನು” ಎಂದರು, ಗುರುತಿನ ಚೀಟಿ ತೋರಿಸುವವರ ಹಾಗೆ. ಹೆಸರು ಅನಾದಿ ಘೋಷಾಲ್. ಕಲ್ಕತ್ತದ ಕಾದಂಬರಿಕಾರರು. ಒಂದು ವರ್ಷದ ಮಟ್ಟಿಗೆ ವಿಶ್ವವಿದ್ಯಾಲಯದಲ್ಲಿ ಬಂಗಾಳಿ ಕಲಿಸಲು ಬಂದಿದ್ದರು. ಐವತ್ತರ ಹತ್ತಿರದ ವಯಸ್ಸು. ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದಿದ್ದರು. ಬಂಗಾಳಿಗಳು ಅಣ್ಣನನ್ನು ಕರೆಯುವ ಹಾಗೆ ನಾವು ಅವರನ್ನು ಅನಾದಿದಾ ಎಂದು ಕರೆಯತೊಡಗಿದೆವು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಂಗಾಳಿ ಕಾದಂಬರಿಕಾರ ಎಂದರೆ ನಮ್ಮ ಮನೆಯಲ್ಲಿ ಏನು ಬೆಲೆಯೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮಮ್ಮ ಓದಿದ್ದು ಲೋವರ್ ಸೆಕೆಂಡರಿ, ಹೆಚ್ಚೆಂದರೆ ಹೋಗಿದ್ದು ಬೆಂಗಳೂರಿನವರೆಗೆ. ಆದರೆ ಕನ್ನಡಕ್ಕೆ ಬಂದ ಬಂಗಾಳಿ ಕಾದಂಬರಿಗಳನ್ನೆಲ್ಲ ಅರೆದು ಕುಡಿದಿದ್ದಳು. ಕಾಣದ ಊರಿನ ಕೊಳ, ಅದರ ಮೆಟ್ಟಿಲು, ಅಲ್ಲಿ ಕೂತು ಅಳುವ ವಿಧವೆ, ಎಲ್ಲರನ್ನೂ ಪಕ್ಕದ ಬೀದಿಯವರೆಂಬಂತೆ ಬಲ್ಲವಳು. ಮಧ್ಯಾಹ್ನ ಪಾತ್ರೆ ಬೆಳಗಿ ಆದ ಮೇಲೆ ಒಂಟಿಕೊಪ್ಪಲಿನ ನಮ್ಮ ಮನೆಯ ಜಗುಲಿಯಲ್ಲಿ ಬೀದಿಯ ಹೆಂಗಸರು ಸೇರುತ್ತಿದ್ದರು. ಅಮ್ಮ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. “ಹೆಂಗಸಿನ ಮನಸ್ಸು ಬಂಗಾಳಿಗಳಿಗೆ ಗೊತ್ತಿರೋ ಹಾಗೆ ಇನ್ಯಾರಿಗೂ ಗೊತ್ತಿಲ್ಲ ಕಣ್ರೇ. ಸುಳ್ಳು ಬರೆಯೋ ಜನವೇ ಅಲ್ಲ ಅವರು” ಎನ್ನುವುದು ಅವಳ ಅಭಿಪ್ರಾಯ. ಪಕ್ಕದ ಮನೆಗೆ ಬಂಗಾಳಿ ಲೇಖಕರು ಬಂದಿದ್ದಾರೆಂದು ನಾನು ಬರೆದಾಗ ಅಮ್ಮನ ಸಂಭ್ರಮ ಏರ್‌ಮೇಲ್ ಪತ್ರದ ಅಂಚಿನವರೆಗೂ ತುಂಬಿತ್ತು. “ಅವರಿಗೆ ಊಟಕ್ಕೆ ಹಾಕು. ಬರೆಯುವವರ ಹೊಟ್ಟೆ ತಣ್ಣಗಿರಬೇಕು” ಎಂದು ಅಪ್ಪಣೆಯಾಯಿತು.

ಹಾಕಿದೆ. ದಿನಾ ಸಂಜೆ ಬರುತ್ತಿದ್ದರು. ನಮ್ಮ ತಿಳಿಸಾರು ನೋಡಿ “ಬೇಳೆಯನ್ನು ಇದರಲ್ಲಿ ತೊಳೆದು ತೆಗೆದುಬಿಟ್ಟೆಯಾ?” ಎಂದು ಹಾಸ್ಯ ಮಾಡಿ, ಆಮೇಲೆ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತಿದ್ದರು. ತಮ್ಮ ಮನೆಯಲ್ಲಿ ಮೀನು ಬೇಯಿಸಿದ ದಿನ ಮಾತ್ರ ನಾಚಿಕೊಂಡು ಬಾಗಿಲ ಹೊರಗೇ ನಿಂತು ಮಾತಾಡುತ್ತಿದ್ದರು. ಮಾತು ಮಾತ್ರ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಲ್ಕತ್ತದ ಗಲ್ಲಿಯ ಬಾಡಿಗೆ ಕೋಣೆ, ಪತ್ರಿಕಾ ಕಚೇರಿಯಲ್ಲಿ ಪ್ರೂಫ್ ತಿದ್ದಿದ ದಿನಗಳು, ಗುಮಾಸ್ತರ ಮೇಲೆ ಬರೆದ ಮೊದಲ ಕಾದಂಬರಿ. ಅವರು ಮೇಜಿನ ಮುಂದೆ ಬರೆಯುವವರಲ್ಲ. ಹಾಸಿಗೆಯ ಮೇಲೆ ಬೋರಲು ಮಲಗಿ, ಎದೆಗೊಂದು ದಿಂಬು ಕೊಟ್ಟುಕೊಂಡು, ಮಕ್ಕಳು ಚಿತ್ರ ಬರೆಯುವ ಹಾಗೆ ಬರೆಯುತ್ತಿದ್ದರು. ಬೀದಿಯ ಗಲಾಟೆ ಕಿವಿಗೆ ಬೀಳಬೇಕು, ಇಲ್ಲದಿದ್ದರೆ ಪೆನ್ನು ಓಡುವುದಿಲ್ಲ. “ಈ ಊರಲ್ಲಿ ನಾಯಿ ಕೂಡ ಬೊಗಳೋದಿಲ್ಲ ವಿಮಲಾ. ಯಾರ ಬಗ್ಗೆ ಬರೀಲಿ?” ಎಂದು ಗೋಳಾಡುತ್ತಿದ್ದರು.

ಬರೆಯದೆ ಇರುವ ಹಾಗೂ ಇರಲಿಲ್ಲ. ದುರ್ಗಾಪೂಜೆಗೆ ಬಂಗಾಳಿ ಪತ್ರಿಕೆಗಳು ದಪ್ಪ ದಪ್ಪ ವಿಶೇಷ ಸಂಚಿಕೆ ತರುತ್ತವೆ. ಒಂದೊಂದರಲ್ಲಿ ನಾಲ್ಕೈದು ಇಡೀ ಕಾದಂಬರಿಗಳು. ನಮ್ಮಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ಇದ್ದ ಹಾಗೆ ಅಲ್ಲಿ ಹೊಸ ಕಾದಂಬರಿ. ಯಾವ ಲೇಖಕನ ಹೆಸರು ಪೂಜಾ ಸಂಚಿಕೆಯಲ್ಲಿ ಕಾಣುವುದಿಲ್ಲವೋ ಆ ವರ್ಷ ಅವನು ಸತ್ತನೆಂದೇ ಲೆಕ್ಕ ಎನ್ನುತ್ತಿದ್ದರು. ಅವರು ಹತ್ತಾರು ವರ್ಷಗಳಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ಆಷಾಢದ ಹೊತ್ತಿಗೆ ಹಸ್ತಪ್ರತಿ ಸಂಪಾದಕರ ಕೈಲಿರಬೇಕು. ಆ ಚಿಂತೆ ಅವರಿಗೆ ಅಕ್ಟೋಬರಿನಲ್ಲೇ ಶುರುವಾಗಿತ್ತು.

ನನ್ನ ಚಿಂತೆಯೇ ಬೇರೆ. ನಾನು ಬಸುರಿ. ಐದು ತುಂಬುವ ಹೊತ್ತಿಗೆ ಮೈಸೂರಿನಿಂದ ವಾಷಿಂಗ್ಟನ್ನಿಗೆ ಬರುತ್ತಿದ್ದ ಪರಿಚಯದವರ ಕೈಲಿ ಅಮ್ಮ ಒಂದು ಗಂಟು ಕಳಿಸಿದ್ದಳು. ಸಾರಿನ ಪುಡಿ, ಚಾಮುಂಡಿ ಬೆಟ್ಟದ ಕುಂಕುಮ, ಮತ್ತು ಮಗುವಿಗೆ ಅವಳೇ ಹೊಲಿದ ಒಂದು ಪುಟ್ಟ ಕೌದಿ. ಉಟ್ಟು ಉಟ್ಟು ಮೆತ್ತಗಾದ ಅವಳ ಹಳೇ ಸೀರೆಗಳ ತುಂಡು. ಒಂದು ಮೂಲೆಯಲ್ಲಿ ಮಾತ್ರ ಖಾಕಿ ಬಣ್ಣದ ಒಂದು ಜೇಬು! ತೀರಿಕೊಂಡಿದ್ದ ನಮ್ಮಪ್ಪ ಮೇಷ್ಟ್ರು, ಸ್ಕೌಟ್ ಮಾಸ್ಟರೂ ಆಗಿದ್ದವರು. ಅವರ ಅಂಗಿಯ ಜೇಬನ್ನು ಗುಂಡಿಯ ಸಮೇತ ಬಿಚ್ಚಿ, ಬಾಯಿ ತೆರೆದೇ ಇಟ್ಟು ಹೊಲಿದಿದ್ದಳು. “ತಾತ ಎತ್ತಿಕೊಳ್ಳೋಕಿಲ್ಲ. ಅವರ ಜೇಬಾದರೂ ಇರಲಿ, ಮಗು ಕೈ ಹಾಕಿ ಆಡಿಕೊಳ್ಳುತ್ತೆ” ಎಂದು ಬರೆದಿದ್ದಳು. ಅನಾದಿದಾ ಆ ಕೌದಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. “ನಮ್ಮಲ್ಲೂ ಇದೆ, ಕಾಂಥಾ ಅಂತೀವಿ. ಆದರೆ ಈ ಜೇಬು...” ಎಂದು ಅದರೊಳಗೆ ಎರಡು ಬೆರಳು ಇಳಿಸಿದರು. ಎಂಥ ಮೆದು ಮನಸ್ಸಿನವರು ಎಂದುಕೊಂಡೆ.

ಅದು ಗ್ಯಾಸ್, ಅಂದರೆ ಪೆಟ್ರೋಲ್, ಇಲ್ಲದ ಚಳಿಗಾಲ. ಪಂಪುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆಸ್ಪತ್ರೆಗೆ ಓಡಬೇಕಾಗಿ ಬಂದೀತೆಂದು ನಮ್ಮವರು ಬೆಳಗಿನ ಜಾವ ಎದ್ದು ಹೋಗಿ ಟ್ಯಾಂಕ್ ತುಂಬಿಸಿ ಇಡುತ್ತಿದ್ದರು. ಓಡಬೇಕಾಗಿ ಬಂತು ಕೂಡ, ಏಳನೇ ತಿಂಗಳಲ್ಲೇ. ಗಂಡು ಮಗು. ಅಂಗೈಯಗಲದ ಎದೆ, ಮೂಗು ಮಾತ್ರ ಪಕ್ಕಾ ನಮ್ಮಪ್ಪನದು. ಅವನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಪಕ್ಕದಲ್ಲಿ ಕೈ ಇಳಿಸಲು ಒಂದು ದುಂಡನೆಯ ಕಂಡಿ. ನಾನು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತವಳು ಎದ್ದದ್ದು ಬಚ್ಚಲಿಗೆ ಹೋಗಲಿಕ್ಕಷ್ಟೇ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದು ಮುಂದೆ ತಿಳಿಯುತ್ತದೆ. ನನ್ನ ಬೆರಳ ತುದಿಯನ್ನು ಅವನು ಹಿಡಿದುಕೊಂಡಿರುತ್ತಿದ್ದ. ಬಿಟ್ಟರೆ ಎಚ್ಚರವಾಗುತ್ತಾನೆಂದು ಕೈ ಜೋಮು ಹಿಡಿದರೂ ತೆಗೆಯುತ್ತಿರಲಿಲ್ಲ. ಪುಪ್ಪುಸ ಬಲಿತಿರಲಿಲ್ಲ. ವಾರ ತುಂಬುವ ಮೊದಲೇ, ಇನ್ನು ಪ್ರಯೋಜನವಿಲ್ಲವೆಂದು ಗೊತ್ತಾದ ಮಧ್ಯಾಹ್ನ, ನರ್ಸಮ್ಮ ಅವನನ್ನು ಪೆಟ್ಟಿಗೆಯಿಂದ ಎತ್ತಿ ಕೌದಿಯಲ್ಲಿ ಸುತ್ತಿ ನನ್ನ ಮಡಿಲಿಗೆ ಕೊಟ್ಟಳು. ನನ್ನ ಮಡಿಲಲ್ಲೇ ಹೋದ. ನಾಮಕರಣಕ್ಕೆ ಹನ್ನೊಂದನೇ ದಿನ ಬರಬೇಕು, ಅಷ್ಟು ಕಾಲ ಅವನು ಇರಲಿಲ್ಲ. ಆಸ್ಪತ್ರೆಯವರ ಕಾಗದದಲ್ಲಿ ‘ಬೇಬಿ ಬಾಯ್ ಮೂರ್ತಿ’ ಎಂದೇ ಉಳಿದ.

ಎಳೆಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಊರಾಚೆಯ ಸ್ಮಶಾನದ ಒಂದು ಮೂಲೆಯಲ್ಲಿ ಜಾಗ ಸಿಕ್ಕಿತು. ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಬೀಳುತ್ತಿತ್ತು. ಅಲ್ಲಿ ಇದ್ದವರು ನಾವಿಬ್ಬರು ಮತ್ತು ಅನಾದಿದಾ. ಅವರೇ ನನಗೆ ಕೊಡೆ ಹಿಡಿದು ನಿಂತಿದ್ದರು. ಅಪ್ಪನ ಜೇಬಿನೊಳಗೆ ಬೆಟ್ಟದ ಕುಂಕುಮದ ಪೊಟ್ಟಣ ಇಟ್ಟು ಗುಂಡಿ ಹಾಕಿದೆ. ಕೌದಿಯ ಸಮೇತ ಮಗುವನ್ನು ಮಣ್ಣಿಗೆ ಕೊಟ್ಟೆವು. ಅನಾದಿದಾ ಬಿಕ್ಕಿ ಬಿಕ್ಕಿ ಅತ್ತರು. ಅವರು ಅತ್ತದ್ದು ಸುಳ್ಳೆಂದು ಇವತ್ತಿಗೂ ನಾನು ಹೇಳುವುದಿಲ್ಲ.

ಊರಿಗೆ ಏನು ತಿಳಿಸುವುದು? ಅಮ್ಮನಿಗೆ ಆಗಷ್ಟೇ ಎದೆನೋವು ಬಂದು ಮಲಗಿದ್ದಾಳೆ, ಕೆಟ್ಟ ಸುದ್ದಿ ಏನೂ ಬೇಡ ಎಂದು ಮೈಸೂರಿನಿಂದ ಅಣ್ಣ ಬರೆದಿದ್ದ. ಹೊಟ್ಟೆಯಲ್ಲೇ ನಿಲ್ಲಲಿಲ್ಲ ಎಂದಷ್ಟೇ ಹೇಳೋಣ ಎಂದು ನಮ್ಮವರೂ ಅಣ್ಣನೂ ತೀರ್ಮಾನ ಮಾಡಿದರು. ಹುಟ್ಟಿದ್ದು, ಕಣ್ಣು ಬಿಟ್ಟಿದ್ದು, ಬೆರಳು ಹಿಡಿದಿದ್ದು ಯಾವುದೂ ಅಮ್ಮನಿಗೆ ಗೊತ್ತಾಗಲಿಲ್ಲ. ಅವಳು ಚೇತರಿಸಿಕೊಂಡ ಮೇಲೆ ಬರೆದಳು: “ಬೇಜಾರು ಮಾಡಿಕೊಳ್ಳಬೇಡ. ಕೌದಿಗೆ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಡು, ಮುಂದಿನ ಮಗುವಿಗೆ ಆಗುತ್ತೆ.” ಅದನ್ನು ಓದಿ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಸಾರಿಗೆಂದು ಬಂದ ಅನಾದಿದಾ ನನ್ನ ಎದುರೇ ನೆಲದಲ್ಲಿ ಕೂತರು. ಮನೆಯಲ್ಲಿ ನಮ್ಮವರ ಮುಂದೆ ಆ ಮಾತೆತ್ತುವ ಹಾಗಿರಲಿಲ್ಲ, ಎತ್ತಿದರೆ ಅವರು ಎದ್ದು ಡ್ಯೂಟಿಗೆ ಹೋಗಿಬಿಡುತ್ತಿದ್ದರು. ಹಾಗಾಗಿ ನಾನು ಹೇಳಿದ್ದೆಲ್ಲ ಅನಾದಿದಾಗೆ. ಗಾಜಿನ ಪೆಟ್ಟಿಗೆ, ಕಂಡಿ, ಬೆರಳು, ಅಮ್ಮನ ನುಸಿಗುಳಿಗೆ, ಎಲ್ಲ. ಒಂದು ದಿನವಲ್ಲ, ಡಾಗ್‌ವುಡ್ ಗಿಡಗಳು ಬಿಳಿ ಹೂ ಬಿಟ್ಟು ಉದುರಿಸುವವರೆಗೂ. ಅವರು ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು. ಹಾಗೆ ಕೇಳುವವರನ್ನು ನಾನು ಮುಂಚೆ ನೋಡಿರಲಿಲ್ಲ.

ಮೇ ತಿಂಗಳ ಕೊನೆಗೆ ಕಲ್ಕತ್ತದ ಸಂಪಾದಕರಿಂದ ತಂತಿ ಬಂತು. ಅದಾದ ಮೇಲೆ ಅನಾದಿದಾ ಊಟಕ್ಕೆ ಬರುವುದು ನಿಂತಿತು. ಬರವಣಿಗೆ ಹತ್ತಿದೆ ಎಂದು ತಿಳಿದು ನನಗೆ ಸಂತೋಷವೇ ಆಯಿತು. ಕ್ಯಾರಿಯರಿನಲ್ಲಿ ಅನ್ನ ಸಾರು ತುಂಬಿ ಅವರ ಬಾಗಿಲಿಗೆ ಇಟ್ಟು ಬರುತ್ತಿದ್ದೆ. ಕಿಟಕಿಯಿಂದ ನೋಡಿದರೆ ಬೋರಲು ಮಲಗಿದ ಬೆನ್ನು, ಓಡುವ ಮೊಣಕೈ ಕಾಣುತ್ತಿತ್ತು. ಅಮ್ಮನಿಗೆ ಬರೆದೆ: “ನಮ್ಮ ಸಾರು ಕುಡಿದು ಒಂದು ಬಂಗಾಳಿ ಕಾದಂಬರಿ ತಯಾರಾಗುತ್ತಿದೆ.”

ಜುಲೈನಲ್ಲಿ ಮುಗಿಯಿತು. ಕಾಗದದ ಕಟ್ಟು ಹಿಡಿದುಕೊಂಡು, ಜ್ವರ ಬಿಟ್ಟವರ ಮುಖದಲ್ಲಿ ಬಂದರು. ಅಮೂಲ್ಯವಾದದ್ದನ್ನು ಅಂಚೆಗೆ ಹಾಕುವಾಗ ಬಟ್ಟೆಯಲ್ಲಿ ಹೊಲಿದು ಕಳಿಸುವುದು ನಮ್ಮ ಕಡೆಯ ಪದ್ಧತಿ, ಅವರ ಕಡೆಯದೂ ಹೌದು. ನಾನು ಹಳೇ ಬಿಳಿ ಚಾದರವೊಂದನ್ನು ಕತ್ತರಿಸಿ, ಕಟ್ಟನ್ನು ಸುತ್ತಿ, ದಬ್ಬಳದಿಂದ ಒತ್ತೊತ್ತಾಗಿ ಹೊಲಿದೆ. ಆಮೇಲೆ ಹೊಸದಾಗಿ ಡ್ರೈವಿಂಗ್ ಕಲಿತಿದ್ದ ನಾನೇ ಅವರನ್ನು ಪೋಸ್ಟಾಫೀಸಿಗೆ ಕರೆದುಕೊಂಡು ಹೋದೆ. ಕಿಟಕಿ ತೆರೆದಿತ್ತು, ಊರೆಲ್ಲ ಹೊಗೆಸೊಪ್ಪಿನ ಘಮ.

“ಏನು ಕಥೆ ಅನಾದಿದಾ?” ಎಂದೆ.

“ಒಬ್ಬಳು ಹುಡುಗಿ. ಪರದೇಶದ ಒಂದು ಊರು.”

“ನನ್ನ ಬಗ್ಗೆನೇ ಬರೆದ್ರಾ ಹೇಗೆ?” ಎಂದು ನಕ್ಕು, “ಬರೆದರೂ ಚಿಂತೆಯಿಲ್ಲ ಬಿಡಿ. ಮೈಸೂರಲ್ಲಿ ಬಂಗಾಳಿ ಯಾರು ಓದ್ತಾರೆ!” ಎಂದೆ.

ಅವರೂ ನಕ್ಕರು. ಸ್ವಲ್ಪ ಜೋರಾಗಿಯೇ ನಕ್ಕರು.

ಯಾರ ಮಗಳು ಆಡುವ ಮಾತು ಇದು, ನೋಡಿ! ಬಂಗಾಳಿ ಕಾದಂಬರಿಯನ್ನು ಕನ್ನಡದಲ್ಲಿ ಕೇಳಿಕೊಂಡೇ ಬೆಳೆದವಳು ನಾನು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆದರೆ ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಬಟ್ಟೆಯಲ್ಲಿ ಹೊಲಿದ ಪೊಟ್ಟಣವನ್ನು ಪೋಸ್ಟಾಫೀಸಿನ ಗುಮಾಸ್ತ ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ದಿಂಬು ಇದೆಯೇ ಎಂದು ಕೇಳಿದ. ನಾವಿಬ್ಬರೂ ಅದಕ್ಕೂ ನಕ್ಕೆವು. ನನ್ನ ಹೆಣವನ್ನು ನಾನೇ ಹೊಲಿದು, ನಾನೇ ಸಾಗಿಸಿ ಬಂದೆ. ಆಗಸ್ಟಿನಲ್ಲಿ ಅನಾದಿದಾ ಕಲ್ಕತ್ತಕ್ಕೆ ಹಿಂತಿರುಗಿದರು. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು.

ಆ ವರ್ಷ ಅಲ್ಲಿಗೆ ಮುಗಿಯಿತು. ಅದರ ಬಿಸಿ ತಟ್ಟಿದ್ದು ಮಾರನೇ ವರ್ಷ. ಅಮ್ಮನ ಪತ್ರಗಳಲ್ಲಿ ಎಲ್ಲ ಎಂದಿನಂತೆ ಇರುತ್ತಿತ್ತು, ಕೌದಿಯ ಮಾತೊಂದನ್ನು ಬಿಟ್ಟು. ಪ್ರತಿ ಸಲ ನುಸಿಗುಳಿಗೆ ಬದಲಾಯಿಸಿದೆಯಾ ಎಂದು ಕೇಳುತ್ತಿದ್ದವಳು ಕೇಳುವುದನ್ನೇ ನಿಲ್ಲಿಸಿದಳು. ಆಮೇಲೊಂದು ದಿನ ಅತ್ತಿಗೆ ಒಂದು ದಪ್ಪ ಲಕೋಟೆ ಕಳಿಸಿದರು. ಒಳಗೆ ವಾರಪತ್ರಿಕೆಯಿಂದ ಕತ್ತರಿಸಿದ ಧಾರಾವಾಹಿಯ ಹಾಳೆಗಳು. ಮೇಲೆ ‘ಬಂಗಾಳಿ ಮೂಲ: ಅನಾದಿ ಘೋಷಾಲ್’ ಎಂದಿತ್ತು. ಕಾದಂಬರಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನನ್ನಿಂದ ಅದಕ್ಕೆ ಇನ್ನೊಬ್ಬ ಓದುಗ ಸಿಗುವುದು ಬೇಡ.

ಕಥೆಯಲ್ಲಿ ನನ್ನ ಹೆಸರು ಮಾಧವಿ. ದಕ್ಷಿಣದ ಹುಡುಗಿ, ಡಾಕ್ಟರನ ಹೆಂಡತಿ. ಹೊಗೆಸೊಪ್ಪಿನ ವಾಸನೆಯ ಊರು, ಗ್ಯಾಸಿನ ಸಾಲು, ಗಾಜಿನ ಪೆಟ್ಟಿಗೆ, ದುಂಡನೆಯ ಕಂಡಿ. ತಾತನ ಖಾಕಿ ಜೇಬು ಹೊಲಿದ ಕೌದಿ, ಜೇಬಿನಲ್ಲಿ ಕುಂಕುಮ. ಎಲ್ಲ ಇದ್ದದ್ದು ಇದ್ದ ಹಾಗೆ. ಆದರೆ ಮಗು ಉಸಿರಿಗಾಗಿ ಒದ್ದಾಡುವ ಆ ಮಧ್ಯಾಹ್ನ ಮಾಧವಿ ಅಲ್ಲಿರುವುದಿಲ್ಲ. ಅಮೆರಿಕದ ಬೆಡಗಿಗೆ ಮರುಳಾದವಳು ಅವಳು. ತುಟಿಗೆ ಕೆಂಪು ಬಳಿದುಕೊಂಡು, ಹೊಸ ಓವರ್‌ಕೋಟು ತೊಟ್ಟು, ಪ್ರೊಫೆಸರೊಬ್ಬರ ಮನೆಯ ಪಾರ್ಟಿಯಲ್ಲಿ ನಗುತ್ತಾ ನಿಂತಿದ್ದಾಳೆ. ಮಗು ಪ್ರಾಣ ಬಿಡುವುದು ಪಕ್ಕದ ಮನೆಯ ಬಂಗಾಳಿ ಮೇಷ್ಟ್ರ ಮಡಿಲಲ್ಲಿ. ನಾನು ಕೂತಿದ್ದ ಸ್ಟೂಲನ್ನು ಎಳೆದುಕೊಂಡು, ನನ್ನನ್ನು ಎಬ್ಬಿಸಿ ಪಾರ್ಟಿಗೆ ಅಟ್ಟಿ, ಆ ಜಾಗದಲ್ಲಿ ತಾವು ಕೂತಿದ್ದರು! ಉಂಡ ಮನೆಗೆ ಎರಡು ಬಗೆಯುವುದೆಂದರೆ ಏನೆಂದು ಅವತ್ತು ತಿಳಿಯಿತು. ಇಷ್ಟಾದರೂ ‘ಅವರು’ ಎಂದೇ ಬರೆಯುತ್ತಿದ್ದೇನೆ. ಮೈಸೂರಿನ ನಾಲಿಗೆ, ಏನು ಮಾಡಲಿ?

ಜಗುಲಿಯಲ್ಲಿ ಏನಾಯಿತೆಂಬುದನ್ನು ಅತ್ತಿಗೆ ಆಮೇಲೆ ಹೇಳಿದರು. ಅಮ್ಮ ಎಂದಿನಂತೆ ಗಟ್ಟಿಯಾಗಿ ಓದುತ್ತಿದ್ದವಳು ಖಾಕಿ ಜೇಬಿಗೆ ಬಂದಾಗ ನಿಂತಳಂತೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳಂತೆ. “ಯಾಕ್ರೀ, ಮುಂದೆ ಓದಿ” ಎಂದು ಹೆಂಗಸರು ಒತ್ತಾಯ ಮಾಡಿದಾಗ “ಕಣ್ಣು ಮಂಜಾಗ್ತಿದೆ, ಇವಳು ಓದ್ತಾಳೆ” ಎಂದು ಪತ್ರಿಕೆಯನ್ನು ಅತ್ತಿಗೆಯ ಕೈಗಿತ್ತು ಒಳಗೆ ಹೋದಳಂತೆ. ಆ ಮೇಲೆ ಜಗುಲಿಯ ಓದು ನಿಂತಿತು. ಆದರೆ ಪ್ರತಿ ವಾರ ಅಡುಗೆಮನೆಯಲ್ಲಿ ಅತ್ತಿಗೆಯಿಂದ ಮೆಲ್ಲಗೆ ಓದಿಸಿಕೊಂಡಳು, ಕೊನೆಯ ಕಂತಿನವರೆಗೂ, ಪಾರ್ಟಿಯೂ ಸೇರಿ.

ನಾನು ಉದ್ದನೆಯ ಪತ್ರ ಬರೆದೆ. ಮಗು ಹುಟ್ಟಿದ್ದು ನಿಜ, ಪಾರ್ಟಿ ಸುಳ್ಳು, ನಾನು ಅಲ್ಲೇ ಇದ್ದೆ ಎಂದು. ಅಮ್ಮನ ಉತ್ತರ: “ಆದದ್ದು ಆಯಿತು. ಆರೋಗ್ಯ ನೋಡಿಕೋ.” ಅವಳನ್ನು ದೂರುವುದು ಹೇಗೆ? ನಾವು ಮುಚ್ಚಿಟ್ಟದ್ದನ್ನು ಅವಳಿಗೆ ಹೇಳಿದ್ದೇ ಆ ಕಾದಂಬರಿ. ಜೇಬು ನಿಜವಾಗಿತ್ತು, ಕುಂಕುಮ ನಿಜವಾಗಿತ್ತು, ಹೂತ ಮಗು ನಿಜವಾಗಿತ್ತು. ಇಷ್ಟೆಲ್ಲ ನಿಜ ಹೇಳಿದ ಬಂಗಾಳಿ ಪಾರ್ಟಿಯೊಂದನ್ನು ಯಾಕೆ ಸುಳ್ಳು ಹೇಳುತ್ತಾನೆ? ಸುಳ್ಳು ಬರೆಯುವ ಜನವೇ ಅಲ್ಲವಲ್ಲ ಅವರು!

ಮರುವರ್ಷ ವಸಂತದಲ್ಲಿ ಅನಾದಿದಾ ವಾಷಿಂಗ್ಟನ್ನಿಗೆ ಬರುತ್ತಿದ್ದಾರೆಂದು ನಮ್ಮವರ ಬಂಗಾಳಿ ಸಹೋದ್ಯೋಗಿಯೊಬ್ಬರು ಹೇಳಿದರು. ಅಲ್ಲಿನ ಬಂಗಾಳಿಗಳು ಅವರ ಸನ್ಮಾನ ಇಟ್ಟುಕೊಂಡಿದ್ದರು. ನಮ್ಮವರು “ಬೇಡ ವಿಮಲಾ, ಹೋಗಿ ಏನು ಮಾಡ್ತೀಯಾ?” ಎಂದರೂ ಕೇಳದೆ ಹಠ ಹಿಡಿದು ಹೊರಡಿಸಿದೆ. ಊರ ಹೊರಗಿನ ಶಾಲೆಯೊಂದರ ಸಭಾಂಗಣ. ಕಾಟನ್ ಸೀರೆ, ದೊಡ್ಡ ಕುಂಕುಮದ ಹೆಂಗಸರು ಅವರ ಸುತ್ತ ನೆರೆದಿದ್ದರು. ನನ್ನನ್ನು ಕಂಡದ್ದೇ ಅನಾದಿದಾ ಕೈಯೆರಡೂ ಚಾಚಿ ಬಂದರು. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ. ಅಲ್ಲಿದ್ದವರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು: “ನೋಡಿ, ಇವಳೇ ನನ್ನ ಮಾಧವಿ!”

ಹೆಂಗಸರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ತನ್ನ ಕೂಸನ್ನು ಎತ್ತಿಕೊಂಡಿದ್ದ ಒಬ್ಬಾಕೆ ಅದನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಮೈ ಉರಿದುಹೋಯಿತು. ಅನಾದಿದಾ ಅವರನ್ನು ಪಕ್ಕದ ಕಾರಿಡಾರಿಗೆ ಕರೆದೆ.

“ನಾನು ಪಾರ್ಟಿಗೆ ಹೋಗಿದ್ನಾ ಅನಾದಿದಾ?”

“ನೀನಲ್ಲ, ಮಾಧವಿ ಹೋದಳು.”

“ಈಗ ತಾನೇ ನನ್ನನ್ನೇ ಮಾಧವಿ ಅಂದ್ರಲ್ಲ!”

ಅವರು ಮಫ್ಲರು ಸರಿಮಾಡಿಕೊಂಡರು. “ನೋಡು, ತಾಯಿ ಪಕ್ಕದಲ್ಲೇ ಕೂತು ಅತ್ತರೆ ಅದು ದುಃಖ. ಲೋಕದಲ್ಲಿ ಬೇಕಾದಷ್ಟಿದೆ. ಕಾದಂಬರಿ ಆಗಬೇಕಾದರೆ ತಾಯಿ ಅಲ್ಲಿರಬಾರದು. ಆ ಪಾರ್ಟಿ ಬರೆದ ಮೇಲೇ ನನಗೆ ಪುಸ್ತಕ ಕೈಗೆ ಸಿಕ್ಕಿದ್ದು.”

“ಹಾಗಾದ್ರೆ ಜೇಬನ್ನು ಯಾಕೆ ಬಿಡಲಿಲ್ಲ? ಅದನ್ನೂ ಬೇರೆ ಮಾಡಬಹುದಿತ್ತಲ್ಲ?”

“ಅಂಥದ್ದನ್ನು ಕಲ್ಪಿಸೋಕೆ ನನ್ನ ಕೈಲಾಗೋದಿಲ್ಲ ವಿಮಲಾ” ಎಂದರು. ಈ ಮಾತನ್ನು ಮಾತ್ರ ನಿಜ ಹೇಳಿದರು. ಆಮೇಲೆ ಮೆಲ್ಲಗೆ, “ನೀನೇ ಹೇಳಿದ್ದ್ಯಲ್ಲ, ನಿಮ್ಮೂರಲ್ಲಿ ಯಾರು ಓದ್ತಾರೆ ಅಂತ” ಎಂದು ಸೇರಿಸಿದರು.

ಜಗಳವಾಡಲು ಹೋದವಳು ಕೊನೆಗೆ ಬೇಡಿಕೊಂಡೆ. “ನಿಮ್ಮ ಪುಸ್ತಕ ಹಾಗೇ ಇರಲಿ. ನಮ್ಮಮ್ಮನಿಗೆ ಒಂದೇ ಒಂದು ಸಾಲು ಬರೆದು ಹಾಕಿ, ವಿಮಲಾ ಅಲ್ಲೇ ಇದ್ದಳು ಅಂತ. ಇಂಗ್ಲಿಷಿನಲ್ಲಿ ಬರೀರಿ, ನಮ್ಮಣ್ಣ ಓದಿ ಹೇಳ್ತಾನೆ. ನನ್ನ ಮಾತು ಅವಳು ನಂಬೋದಿಲ್ಲ. ನೀವು ಬರೆದರೆ ನಂಬ್ತಾಳೆ.” ಅವರ ಕಣ್ಣಲ್ಲಿ ನೀರು ಬಂತು. ಆವತ್ತು ಸ್ಮಶಾನದಲ್ಲಿ ಬಂದಂಥದೇ ನೀರು. ಸನ್ಮಾನದ ಆಹ್ವಾನಪತ್ರಿಕೆಯ ಹಿಂದೆ ಅಮ್ಮನ ವಿಳಾಸ ಬರೆಸಿಕೊಂಡು ಜೋಳಿಗೆಗೆ ಹಾಕಿಕೊಂಡರು. “ಖಂಡಿತ ಬರೀತೀನಿ. ಹೋಟೆಲಿಗೆ ಹೋದ ತಕ್ಷಣ” ಎಂದರು. ನಾನು ನಂಬಿದೆ. ವಾಪಸು ಬರುವಾಗ ವರ್ಜೀನಿಯಾ ದಾಟುವವರೆಗೂ ನಮ್ಮವರಿಗೆ ಅದನ್ನೇ ಹೇಳುತ್ತಾ ಬಂದೆ.

ಬರೆಯಲಿಲ್ಲ. ಆರು ತಿಂಗಳು ಕಾದು ಅಣ್ಣನನ್ನು ಕೇಳಿದೆ, ಯಾವ ಪತ್ರವೂ ಬಂದಿಲ್ಲವೆಂದ. ನಾನು ಕಲ್ಕತ್ತಕ್ಕೆ ಎರಡು ಸಲ ನೆನಪಿಸಿ ಬರೆದೆ, ಉತ್ತರವಿಲ್ಲ. ಆ ವರ್ಷವೂ ಪೂಜಾ ಸಂಚಿಕೆಯಲ್ಲಿ ಅವರ ಕಾದಂಬರಿ ತಪ್ಪದೆ ಬಂದಿತ್ತು ಎಂದು ನಮ್ಮವರ ಸಹೋದ್ಯೋಗಿ ಹೇಳಿದರು. ಅಷ್ಟು ಪುಟ ಬರೆಯಲು ಪುರುಸೊತ್ತಿದ್ದವರಿಗೆ ಒಂದು ಸಾಲಿಗೆ ಇರಲಿಲ್ಲ. ಕಾದಂಬರಿಯ ಪಾರ್ಟಿಯನ್ನಾದರೂ ಎಂದೋ ಕ್ಷಮಿಸಿಬಿಡುತ್ತಿದ್ದೆನೇನೋ. ಆ ಸಾಲನ್ನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಸುಧಾ ಹುಟ್ಟಿದಳು. ದುಂಡಗೆ, ತುಂಬು ತಿಂಗಳಿಗೆ. ಅವಳು ಮಗುಚಿಕೊಳ್ಳುವ ಹೊತ್ತಿಗೆ ಮೈಸೂರಿಗೆ ಕರೆದುಕೊಂಡು ಹೋದೆ. ಅಮ್ಮ ತುಂಬ ಇಳಿದುಹೋಗಿದ್ದಳು. ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುವಾಗ ಮಾತ್ರ ಮೊದಲಿನ ಅಮ್ಮ. ಜಗುಲಿಯಲ್ಲಿ ಓದಿರಲಿಲ್ಲ, ಹೆಂಗಸರೂ ಇರಲಿಲ್ಲ. ಒಂದು ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ನಾನೇ ಬಾಯಿಬಿಟ್ಟೆ.

“ಅಮ್ಮಾ, ನಾನು ಅಲ್ಲೇ ಇದ್ದೆ. ನನ್ನ ಮಡಿಲಲ್ಲೇ ಹೋದ. ನಿನ್ನಾಣೆ.”

ಅಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನ ಕೆನ್ನೆ ಸವರಿದಳು. “ಹೂಂ ಕಣೇ, ಇದ್ದೆ. ನಾನೇನಾದ್ರೂ ಅಂದ್ನಾ?” ಎಂದಳು. “ಹುಡುಗುಬುದ್ಧಿ, ಗೊತ್ತಿಲ್ಲದ ಊರು. ಬಿಡು, ಅದನ್ನೆಲ್ಲ ಮನಸ್ಸಲ್ಲಿಟ್ಟುಕೊಂಡು ಕೊರಗಬೇಡ.”

ಹುಡುಗುಬುದ್ಧಿ! ಅಮ್ಮ ನನ್ನನ್ನು ಕ್ಷಮಿಸಿಬಿಟ್ಟಿದ್ದಳು. ಮಾಡದ ತಪ್ಪಿಗೆ, ಅಷ್ಟು ಅಕ್ಕರೆಯಿಂದ, ಯಾವತ್ತೋ ಕ್ಷಮಿಸಿಬಿಟ್ಟಿದ್ದಳು. ಬೈದಿದ್ದರೆ ಎದುರು ವಾದಿಸುತ್ತಿದ್ದೆ. ಕ್ಷಮೆಗೆ ಏನೆಂದು ವಾದಿಸುವುದು? ಮತ್ತೆ ಬಾಯಿ ತೆರೆದೆ. ಅವಳು “ಶ್, ಮಗು ಎದ್ದೀತು” ಎಂದು ಮತ್ತೆ ಕಾಯಿ ಸುಲಿಯತೊಡಗಿದಳು.

ಹೊರಡುವ ದಿನ ಟ್ಯಾಕ್ಸಿ ಬಂದು ಬಾಗಿಲಲ್ಲಿ ನಿಂತಿತ್ತು. ಅಮ್ಮ ಒಳಗಿನಿಂದ ಒಂದು ಮಡಿಕೆ ತಂದು ಸುಧಾಳ ಮೇಲೆ ಹೊದಿಸಿದಳು. ಹೊಸ ಕೌದಿ. ಸ್ಕೌಟ್ ಅಂಗಿಗೆ ಎರಡು ಜೇಬು ಇರುತ್ತವಲ್ಲ, ಎರಡನೆಯದು ಇದರ ಮೂಲೆಯಲ್ಲಿತ್ತು. ಕಣ್ಣು ಕಾಣದ ಕೈಯ ಹೊಲಿಗೆ ಅಲ್ಲಲ್ಲಿ ಓರೆಯಾಗಿ ಹೋಗಿತ್ತು. ಹೊದಿಸಿದವಳು ನನ್ನ ಕಿವಿಯ ಹತ್ತಿರ ಬಂದು, ಅಣ್ಣ ಅತ್ತಿಗೆಗೆ ಕೇಳದ ಹಾಗೆ, ಬೇಡಿಕೊಳ್ಳುವ ದನಿಯಲ್ಲಿ ಹೇಳಿದಳು:

“ಇವಳನ್ನ ಬಿಟ್ಟು ಎಲ್ಲೂ ಹೋಗ್ಬೇಡ್ವೇ.”

ಅವಳ ಕೈ ನನ್ನ ಕೈಯ ಮೇಲಿತ್ತು. ಅವಳನ್ನು ನಾನು ನೋಡುವುದು ಅದೇ ಕೊನೆ ಎಂದು ಇಬ್ಬರಿಗೂ ಅಂದಾಜಿತ್ತು. ಡ್ರೈವರ್ ಹಾರ್ನ್ ಮಾಡಿದ.

“ಹೋಗಲ್ಲಮ್ಮ” ಎಂದೆ.